ಸೋಮವಾರದ ಕೈಗಳು

ಸೂರ್ಯಕಾಂತ ಸರ್ ನನಗೆ ಆಡಿದ ಮೊದಲ ಮಾತು ಒಂದು ಅಂಕಿ. "ಮೂವತ್ತೆಂಟು," ಎಂದರು. ಎರಡನೆಯ ಮಾತು, "ಮುಂದಿನವರು ಬರ್ರಿ."

ತಲೆ ಎತ್ತಲಿಲ್ಲ. ಅಂಕಿಯನ್ನು ರಿಜಿಸ್ಟರಿಗೆ ಇಳಿಸಿ, ಯಂತ್ರದ ಮುಳ್ಳನ್ನು ಸೊನ್ನೆಗೆ ತಿರುಗಿಸಿ, ನನ್ನ ಹಿಂದೆ ನಿಂತಿದ್ದ ಸುಂದರಬಾಯಿಯ ಕಡೆಗೆ ಕೈ ಚಾಚಿದರು. ನಾನು ಅಂಗೈ ಒರೆಸಿಕೊಳ್ಳುತ್ತ ವರಾಂಡದ ಕಂಬಕ್ಕೆ ಒರಗಿ ನಿಂತೆ. ಮೂವತ್ತೆಂಟು ಎಂದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೂಡ ಅವರು ಹೇಳಿರಲಿಲ್ಲ.

ಎಂಬತ್ತಮೂರನೇ ಇಸವಿಯ ನವೆಂಬರ್ ಅದು. ಬಸವಕಲ್ಯಾಣ ತಾಲೂಕಿನ ಶಿಕ್ಷಕಿಯರ ಹಗ್ಗಜಗ್ಗಾಟದ ತಂಡವೊಂದನ್ನು ಕಟ್ಟಿ ಫೆಬ್ರುವರಿಯಲ್ಲಿ ಬೀದರಿಗೆ ಕಳಿಸಬೇಕೆಂದು ಮೇಲಿನಿಂದ ಆರ್ಡರ್ ಬಂದಿತ್ತು. ಹತ್ತು ಜನ ಸೇರಿದೆವು. ಹಗ್ಗ ಹಿಡಿಯುವವರು ಎಂಟು, ಹೊರಗೆ ಕೂರುವವರು ಇಬ್ಬರು. ನಾನು ಮುಡಬಿಯ ದ್ರೌಪತಿ. ಕಲ್ಯಾಣದ ಶಾಲೆಯಲ್ಲಿ ಎರಡನೇ ಇಯತ್ತೆಗೆ ಕಲಿಸುತ್ತಿದ್ದೆ, ಅವ್ವನ ಜೊತೆ ಬಾಡಿಗೆಯ ಒಂದು ಖೋಲಿಯಲ್ಲಿದ್ದೆ. ವಯಸ್ಸು ಇಪ್ಪತ್ತಮೂರು. ನಮ್ಮನ್ನು ತಯಾರು ಮಾಡಲು ಗುಲ್ಬರ್ಗದಿಂದ ಮೂರು ತಿಂಗಳ ಮಟ್ಟಿಗೆ ಬಂದವರು ಸೂರ್ಯಕಾಂತ ಸರ್. ಹುಟ್ಟೂರು ಕೊಡಂಬಲ. ಸಣಕಲು ಮೈ, ದಪ್ಪ ಕನ್ನಡಕ. ನೋಡಿದರೆ ಹಗ್ಗದ ಮಾಸ್ತರು ಎಂದು ಯಾರೂ ನಂಬುತ್ತಿರಲಿಲ್ಲ.

ಅವರ ಬಳಿ ಒಂದು ಯಂತ್ರವಿತ್ತು. ಹ್ಯಾಂಡ್ ಡೈನಮೋಮೀಟರ್ ಎಂದು ಅವರು ಹೇಳಿಕೊಟ್ಟರು. ತಂಡದ ಹಿರಿಯಾಕೆ ಜಿಜಾಬಾಯಿ ಅಂದೇ ಅದಕ್ಕೆ "ಹಿಂಡೋ ಮಷೀನು" ಎಂದು ಹೆಸರಿಟ್ಟಳು. ಸ್ಟೀಲಿನದು, ಗಡಿಯಾರದಂಥ ಮುಖ. ಹಿಡಿಯನ್ನು ಹಿಂಡಿದರೆ ಕರಿ ಮುಳ್ಳು ಕೆಂಪು ಮುಳ್ಳನ್ನು ತಳ್ಳಿಕೊಂಡು ಓಡುತ್ತದೆ. ಕೈ ಬಿಟ್ಟರೆ ಕರಿಯದು ವಾಪಸು ಬರುತ್ತದೆ, ಕೆಂಪಿನದು ಹೋದಲ್ಲೇ ನಿಲ್ಲುತ್ತದೆ. ಪ್ರತಿ ಗುರುವಾರ ಸಂಜೆ ಐದಕ್ಕೆ ಹತ್ತೂ ಜನರು ಮೂರು ಮೂರು ಸಲ ಹಿಂಡಬೇಕು. ನಡುವೆ ಒಂದೊಂದು ನಿಮಿಷ ವಿಶ್ರಾಂತಿ. ಮೂರರಲ್ಲಿ ಹೆಚ್ಚಿನದು ರಿಜಿಸ್ಟರಿಗೆ.

ಇಪ್ಪತ್ತೈದಕ್ಕಿಂತ ಕಡಿಮೆ ಬಂದವರು ಮಾತ್ರ ಸೋಮವಾರ ಮತ್ತೆ ಬರಬೇಕು.

ನನ್ನ ಬಾಳು ಹಳಿ ತಪ್ಪಿದ್ದು ಈ ಸೋಮವಾರದಿಂದ.

ಆ ಮೊದಲ ಗುರುವಾರ ಸುಂದರಬಾಯಿ ಹಿಂಡಿದಾಗ ಮುಳ್ಳು ಹತ್ತೊಂಬತ್ತಕ್ಕೆ ನಿಂತಿತು. ಆಕೆ ಹೊಲಿಗೆ ಟೀಚರ್. ಉದ್ದ ಬೆರಳು, ತೆಳ್ಳನೆ ಮಣಿಕಟ್ಟು, ನಗುವಾಗ ಸೆರಗನ್ನು ತುಟಿಗೆ ತರುವ ಅಭ್ಯಾಸ. ಸೂರ್ಯಕಾಂತ ಸರ್ ಪೆನ್ನು ಕೆಳಗಿಟ್ಟರು. ಎದ್ದು ನಿಂತರು. ಅವರ ಎತ್ತರ ಎಷ್ಟೆಂದು ನನಗೆ ಗೊತ್ತಾದದ್ದು ಆವಾಗಲೇ. "ಮೊಣಕೈ ಸೀದಾ ಇರ್ಲಿ ಟೀಚರ್. ಉಸಿರು ಹಿಡೀಬ್ಯಾಡ್ರಿ," ಎಂದು ಮೆತ್ತಗೆ ಹೇಳಿ, ಎರಡೇ ಬೆರಳಿನಿಂದ ಆಕೆಯ ಮೊಣಕೈಯನ್ನು ಹಿಂದಿನಿಂದ ಸೀದಾ ಮಾಡಿದರು.

ಮೂವತ್ತೆಂಟು ಕಿಲೋ ಬಲದವಳಿಗೆ "ಮುಂದಿನವರು ಬರ್ರಿ." ಹತ್ತೊಂಬತ್ತು ಕಿಲೋದವಳಿಗೆ ಎರಡು ಬೆರಳು.

ಆ ಸೋಮವಾರ ನನಗೆ ಕೆಲಸವಿರಲಿಲ್ಲ. ಆದರೂ ನೀರಿನ ಬಾಟಲಿ ಮರೆತಿದ್ದೇನೆ ಎಂದು ಸುಳ್ಳು ಹೇಳಿಕೊಂಡು ಹೈಸ್ಕೂಲಿನ ಮೈದಾನಕ್ಕೆ ಹೋದೆ. ವರಾಂಡದಲ್ಲಿ ಇಬ್ಬರೇ. ಹಿಂಡುವುದು ಮೂರು ಸೆಕೆಂಡಿನ ಕೆಲಸ. ಉಳಿದದ್ದೆಲ್ಲ ನಡುವಿನ ನಿಮಿಷ. ಆ ನಿಮಿಷದಲ್ಲಿ ಅವರು ಕೈಗಡಿಯಾರ ನೋಡುತ್ತ ಮಾತಾಡುತ್ತಿದ್ದರು, ಸುಂದರಬಾಯಿ ಸೆರಗು ತುಟಿಗೆ ತರುತ್ತಿದ್ದಳು. ಬಾಟಲಿ ನನ್ನ ಕೈಚೀಲದಲ್ಲೇ ಇತ್ತು. ಮನೆಗೆ ಬಂದು ನೆನೆಸಿಟ್ಟಿದ್ದ ಕೌದಿಯನ್ನು ಒಬ್ಬಳೇ ಹಿಂಡಿದೆ. ಒಂದು ಹನಿ ನೀರು ಉಳಿಯದ ಹಾಗೆ ಹಿಂಡಿದೆ. ಕೌದಿಯ ಮೇಲೆ ಯಾವ ಸಿಟ್ಟು ಎಂದು ಅವ್ವ ಕೇಳಿದಳು.

ಮುಂದಿನ ಗುರುವಾರವೂ ಮೂವತ್ತೆಂಟು ಬಂತು. ಅದರ ಮುಂದಿನ ವಾರ ಮೂವತ್ತಮೂರು. ಆಮೇಲೆ ಇಪ್ಪತ್ತೊಂಬತ್ತು. ಆಮೇಲೆ ಇಪ್ಪತ್ತನಾಲ್ಕು.

ಬಲ ಕಡಿಮೆಯಾಗಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಪೂರಾ ಹಿಂಡುವುದು ಸುಲಭ. ಮೂರು ಸಲವೂ ಮುಳ್ಳನ್ನು ಇಪ್ಪತ್ತನಾಲ್ಕಕ್ಕೆ ಒಯ್ದು ನಿಲ್ಲಿಸುವುದು ಕಷ್ಟ. ಹಲ್ಲು ಕಚ್ಚಿ, ಮುಖ ಕೆಂಪು ಮಾಡಿ, ಕೈಯನ್ನು ಮಾತ್ರ ತಡೆದು ಹಿಡಿಯಬೇಕು. ಆ ನಾಟಕವನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ ಜಿಜಾಬಾಯಿ ನನ್ನ ಬೆನ್ನು ಸವರಿ, ಊಟ ಸರಿಯಾಗಿ ಮಾಡು ಎಂದು ಬುದ್ಧಿ ಹೇಳಿದಳು.

ಇಪ್ಪತ್ತನಾಲ್ಕು ಬಂದ ದಿನ ಸರ್ ತಲೆ ಎತ್ತಿದರು. ಹಿಂದಿನ ವಾರಗಳ ಅಂಕಿಗಳ ಮೇಲೆ ಬೆರಳು ಎಳೆದು ನೋಡಿ, ನನ್ನ ಮುಖ ನೋಡಿ, ಮತ್ತೆ ರಿಜಿಸ್ಟರ್ ನೋಡಿದರು.

"ಟೀಚರ್, ನಿದ್ದಿ ಬರ್ತದ ಇಲ್ಲೋ?"

"ಬರ್ತದ್ರಿ."

"ಕೈ ಬಿಗಿತ ಇಳೀತು ಅಂದ್ರ ಮೈ ಎಲ್ಲೋ ದಣದದ ಅಂತ ತಿಳ್ಕೋಬೇಕು. ಸೋಮವಾರ ಬರ್ರಿ."

ನಾನು ಬಹಳ ದುಃಖದ ಮುಖ ಮಾಡಿಕೊಂಡು ಆಗಲಿ ಎಂದೆ. ಮನೆಯ ತನಕ ಕಾಲು ನೆಲಕ್ಕೆ ತಾಗಲಿಲ್ಲ.

ಸೋಮವಾರಗಳು ಶುರುವಾದವು. ಅವರ ಎರಡು ಬೆರಳು ನನ್ನ ಮೊಣಕೈಗೂ ಬಂದವು. ತಣ್ಣಗಿದ್ದವು, ತುದಿಯಲ್ಲಿ ಚಾಕ್‌ಪೀಸಿನ ಪುಡಿ. "ಸೀದಾ," ಎನ್ನುತ್ತಿದ್ದರು, ಅಷ್ಟೇ. ಮೂರು ಹಿಂಡುಗಳ ನಡುವೆ ಎರಡು ನಿಮಿಷ; ಆ ಎರಡು ನಿಮಿಷವೇ ನನ್ನ ವಾರ. ಮೊದಲನೆಯ ನಿಮಿಷದಲ್ಲಿ ಕೊಡಂಬಲದ ತೊಗರಿಯ ಬಗ್ಗೆ, ಅವರ ತಾಯಿಯ ಮೊಣಕಾಲಿನ ಬಗ್ಗೆ ಹೇಳುತ್ತಿದ್ದರು. ಎರಡನೆಯದರಲ್ಲಿ ನಾನು ನನ್ನ ಇಯತ್ತೆಯ ಮಕ್ಕಳ ತಂಟೆ ಹೇಳುತ್ತಿದ್ದೆ. ಅವರು ನಗುವಾಗ ಕನ್ನಡಕ ಮೂಗಿನ ಮೇಲೆ ಜಾರುತ್ತಿತ್ತು. ಅದನ್ನು ಮೇಲೆ ತಳ್ಳಬೇಕೆಂದು ನನ್ನ ಬೆರಳು ತವಕಿಸುತ್ತಿತ್ತು.

ಆದರೆ ಸೋಮವಾರ ನನ್ನೊಬ್ಬಳದಲ್ಲವಲ್ಲ. ಸುಂದರಬಾಯಿಯೂ ಬರುತ್ತಿದ್ದಳು. ಆಕೆಗೆಷ್ಟು ನಿಮಿಷ, ನನಗೆಷ್ಟು ಎಂದು ಲೆಕ್ಕ ಹಾಕುತ್ತ ಕೂರುತ್ತಿದ್ದೆ. ನನಗೆ ಶೇಂಗಾ ಬೆಲ್ಲ ಕೊಟ್ಟ ದಿನ ಆಕೆಗೂ ಕೊಟ್ಟರು, ಆಕೆಗೆ ಕೊಟ್ಟ ಮುಷ್ಟಿ ಸ್ವಲ್ಪ ದೊಡ್ಡದಾಗಿತ್ತು ಎಂದು ನನಗೆ ಇವತ್ತಿಗೂ ಅನಿಸುತ್ತದೆ. ಒಂದು ದಿನ ನನಗೆ ಮಾತ್ರ ಟಾನಿಕ್ಕಿನ ಬಾಟಲಿ ತಂದರು. ಗೆದ್ದೆ ಎಂದುಕೊಂಡೆ. ಅದನ್ನು ಅವ್ವ ಕುಡಿದಳು. ಸಂಕ್ರಾಂತಿಯ ಹೊತ್ತಿಗೆ ಅವ್ವ ನನಗಿಂತ ಗಟ್ಟಿಯಾಗಿದ್ದಳು.

ಜನವರಿಯ ಮೂರನೆಯ ವಾರ ಅವರು ನನ್ನನ್ನು ಪಕ್ಕಕ್ಕೆ ಕರೆದರು. ಸುಂದರಬಾಯಿ ಅವತ್ತು ಮೂವತ್ತು ಹಿಂಡಿದ್ದಳು. ನಾನು ಇಪ್ಪತ್ತೆರಡು.

"ನಿಮ್ಮನ್ನ ಎಂಟು ಮಂದ್ಯಾಗ ಇಡಾಕ ಬರಂಗಿಲ್ಲ ಟೀಚರ್," ಎಂದರು. "ಎಂಟು ವಾರ ಒಂದೇ ಸಮ ಇಳದದ. ಹಗ್ಗ ಹಿಡದು ನಿಮಗ ಏನರ ಆದ್ರ, ನಾ ನಿಮ್ಮವ್ವಗ ಏನ್ ಹೇಳ್ಲಿ?"

ಕನ್ನಡಕ ತೆಗೆದು ಒರೆಸತೊಡಗಿದರು. ನನಗೆ ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಹೇಳಲಿಲ್ಲ. ಯಾಕೆ ಸುಳ್ಳು ಹಿಂಡಿದಿರಿ ಎಂದು ಕೇಳಿದರೆ ಏನೆಂದು ಉತ್ತರಿಸಲಿ? ತಲೆಯಾಡಿಸಿ ಬಂದೆ. ನನ್ನ ಜಾಗಕ್ಕೆ ಸುಂದರಬಾಯಿ ಬಂದಳು. ಬೀದರಿನ ಆಟ ಮುಗಿದ ಮೇಲೆ ಅವರು ಯಂತ್ರ ತೆಗೆದುಕೊಂಡು ಗುಲ್ಬರ್ಗಕ್ಕೆ ಹೋಗುವವರು. ತಂಡವೂ ಇಲ್ಲ, ಅವರೂ ಇಲ್ಲ. ನನ್ನ ಕೈಯಿಂದಲೇ ಎರಡನ್ನೂ ಕಳೆದುಕೊಳ್ಳುತ್ತಿದ್ದೆ.

ಜನವರಿ ಕೊನೆಯ ಐತವಾರ ಹುಮನಾಬಾದಿನ ತಂಡದ ಜೊತೆ ಸ್ನೇಹದ ಪಂದ್ಯ. ಎಸ್‌ಟಿ ಬಸ್ಸಿನಲ್ಲಿ ಹೋದೆವು. ಅಲ್ಲಿನ ಡ್ರಿಲ್ ಮಾಸ್ತರು ಯುನೂಸ್ ಭಾಯಿ. ಕುಸ್ತಿ ಆಡಿದ ಮೈ, ಎರಡೂ ಕಡೆ ತಿರುವಿದ ಮೀಸೆ, ಮೈದಾನದ ಆ ತುದಿಗೂ ಕೇಳುವ ನಗು. ತಮ್ಮ ತಂಡದವರ ಬಲವನ್ನೂ ಅಳೆಯಬೇಕೆಂದು ಯಂತ್ರವನ್ನು ಕೇಳಿ ಇಸಿದುಕೊಂಡಿದ್ದರು.

ನಾನು ಮೆಟ್ಟಿಲ ಮೇಲೆ ಎಂಟು ಜೋಡಿ ಚಪ್ಪಲಿಗಳನ್ನು ಕಾಯುತ್ತ ಕುಳಿತಿದ್ದೆ. ಸುಂದರಬಾಯಿಯ ಅಂಗೈಯಲ್ಲಿ ಹಗ್ಗ ಉಜ್ಜಿ ಗುಳ್ಳೆ ಎದ್ದಿತ್ತು. ಸೂರ್ಯಕಾಂತ ಸರ್ ತಮ್ಮ ಕರವಸ್ತ್ರ ತೆಗೆದು, ಆಕೆಯ ಮುಂದೆ ಮೊಣಕಾಲೂರಿ, ಅಂಗೈಗೆ ಸುತ್ತುತ್ತಿದ್ದರು. ನಿಧಾನಕ್ಕೆ ಸುತ್ತುತ್ತಿದ್ದರು. ನೋವಾಗುತ್ತದೇನು ಎಂದು ಕೇಳುತ್ತಿರಬೇಕು. ಆಕೆ ಸೆರಗನ್ನು ತುಟಿಗೆ ತಂದಳು.

"ನೀವ್ಯಾಕ ಇಲ್ಲಿ ಕುಂತೀರಿ ಟೀಚರ್?" ಯುನೂಸ್ ಭಾಯಿ ಯಂತ್ರ ಹಿಡಿದುಕೊಂಡು ಪಕ್ಕಕ್ಕೆ ಬಂದಿದ್ದರು.

"ನನ್ನ ಕೈಯಾಗ ಬಲ ಇಲ್ಲಂತ್ರಿ."

"ಅರೇ, ಯಾರಂದ್ರು? ಜರಾ ಹಿಡೀರಿ, ನೋಡೋಣ."

ಹಿಡಿದೆ. ಕಣ್ಣು ಕರವಸ್ತ್ರದ ಮೇಲಿತ್ತು. ಅವರು ಗಂಟು ಹಾಕಿದರು. ಗಂಟಿನ ತುದಿಯನ್ನು ಒಳಗೆ ಮಡಚಿದರು. ನಾನು ಹಿಂಡಿದೆ. ಎರಡು ತಿಂಗಳ ಸೋಮವಾರಗಳನ್ನೂ, ಶೇಂಗಾದ ಆ ದೊಡ್ಡ ಮುಷ್ಟಿಯನ್ನೂ, ಆ ಗಂಟನ್ನೂ ಸೇರಿಸಿ ಹಿಂಡಿದೆ.

ಯುನೂಸ್ ಭಾಯಿ ಬಗ್ಗಿ ಮುಳ್ಳನ್ನು ನೋಡಿದರು. ಆಮೇಲೆ, "ಯಾ ಅಲ್ಲಾ, ನಲವತ್ತಮೂರು. ನಮ್ಮ ತಾಲೀಮಿನ ಹುಡುಗರಿಗೂ ಇಷ್ಟು ಬರಂಗಿಲ್ಲ," ಎಂದು ಮೀಸೆಯ ಮೇಲೆ ಕೈಯಿಟ್ಟರು. ಅಷ್ಟರಲ್ಲಿ ಸೀಟಿ ಊದಿದ್ದರಿಂದ ಯಂತ್ರವನ್ನು ನನ್ನ ಪಕ್ಕ ಇಟ್ಟು ಓಡಿದರು. ನಾನೂ ಕೆಂಪು ಮುಳ್ಳನ್ನು ತಿರುಗಿಸುವುದನ್ನು ಮರೆತೆ.

ಕಲ್ಯಾಣ ಸೋತಿತು. ಮೂರನೆಯ ಎಳೆತದಲ್ಲಿ ಒಂದೇ ಒಂದು ಗೇಣು. ಸುಂದರಬಾಯಿ ಕೊನೆಯ ಕ್ಷಣದವರೆಗೂ ಹಗ್ಗ ಬಿಡಲಿಲ್ಲ. ಕರವಸ್ತ್ರದ ಮೇಲೆ ರಕ್ತದ ಚುಕ್ಕೆ ಮೂಡಿತ್ತು. ಮಣ್ಣಿನಲ್ಲಿ ಕೂತು ಆಕೆ ಅಳತೊಡಗಿದಾಗ, ತನ್ನಿಂದಲೇ ಸೋತೆವು ಎಂದು ಜಿಜಾಬಾಯಿಯ ಮುಂದೆ ಹೇಳಿಕೊಂಡಾಗ, ನಾನು ಮೆಟ್ಟಿಲಿನಿಂದ ಏಳಲಿಲ್ಲ. ಆ ಒಂದು ಗೇಣು ನನ್ನ ಕೈಯಲ್ಲಿತ್ತು. ನಾನು ಅದನ್ನು ಚಪ್ಪಲಿಗಳ ಪಕ್ಕ ಇಟ್ಟುಕೊಂಡು ಕೂತಿದ್ದೆ.

ಸೂರ್ಯಕಾಂತ ಸರ್ ಯಂತ್ರ ತೆಗೆದುಕೊಳ್ಳಲು ಬಂದರು. ಮುಖ ನೋಡಿದರು, ಯಂತ್ರದ ಮುಖ; ಕೆಂಪು ಮುಳ್ಳು ಇನ್ನೂ ನಲವತ್ತಮೂರರಲ್ಲೇ ಇತ್ತು. ಯಾರದು ಎಂದು ಕೇಳಿದರು. ದೂರದಿಂದಲೇ ಯುನೂಸ್ ಭಾಯಿ ಕೂಗಿ ಹೇಳಿದರು, ದ್ರೌಪತಿ ಟೀಚರದು ಎಂದು, ಇಂಥ ಕೈಯನ್ನು ಹೊರಗೆ ಕೂಡಿಸಿದ್ದೀರಲ್ಲ ಎಂದು.

ವಾಪಸು ಬರುವಾಗ ಬಸ್ಸು ರಾಜೇಶ್ವರದಲ್ಲಿ ಚಹಾಕ್ಕೆ ನಿಂತಿತು. ಉಳಿದವರು ಕಬ್ಬಿನ ಗಾಡಿಯ ಕಡೆ ಹೋದರು. ಸರ್ ಎರಡು ಕಪ್ಪು ಹಿಡಿದು ಬಂದು ಒಂದನ್ನು ನನ್ನ ಮುಂದಿಟ್ಟರು.

"ನಲವತ್ತಮೂರು," ಎಂದರು.

ನಾನು ಚಹಾ ಬಶಿಗೆ ಸುರುವಿಕೊಂಡೆ.

"ಯುನೂಸ್ ಭಾಯಿ ಏನಂದ್ರು ನಿಮಗ?"

"ಏನಿಲ್ರಿ. ನೋಡೋಣ ಅಂದ್ರು."

"ನಾ ಹತ್ತು ವಾರದಿಂದ ನೋಡೋಣ ಅನ್ನಾಕತ್ತೀನಿ." ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರು. "ನನ್ನ ಮುಂದ ಇಪ್ಪತ್ತೆರಡು. ಅವರ ಮುಂದ ನಲವತ್ತಮೂರು."

"ಅವ್ರು ಪೈಲ್ವಾನ್ರು ನೋಡ್ರಿ. ಹುರುಪು ಬರ್ತದ."

"ಮೀಸಿ ನೋಡಿ ಬಲ ಬರ್ತದೇನು?"

ಬಿಸ್ಕತ್ತು ಮುರಿದು ಕಪ್ಪಿನೊಳಗೆ ಬಿತ್ತು. ಅವರಿಗೆ ಗೊತ್ತಾಗಲೇ ಇಲ್ಲ. ಬರಿ ಬೆರಳುಗಳನ್ನೇ ಬಾಯಿಯ ತನಕ ಒಯ್ದರು. ಕನ್ನಡಕದ ಹಿಂದೆ ಆ ಕಣ್ಣುಗಳಲ್ಲಿ ಇದ್ದದ್ದು ಏನು ಎಂದು ನನಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ. ಎರಡು ತಿಂಗಳು ಕನ್ನಡಿಯಲ್ಲಿ ಅದನ್ನೇ ನೋಡಿದ್ದೆ. ಪಾಪಿ ನಾನು, ಆ ಸೋತ ದಿನದಲ್ಲೂ ಒಂದು ಬಶಿ ಚಹಾದಷ್ಟು ಸುಖಪಟ್ಟೆ. ಅವರ ಹೊಟ್ಟೆ ಇನ್ನೂ ಸ್ವಲ್ಪ ಉರಿಯಲಿ ಎಂದು ಸುಮ್ಮನಿದ್ದೆ.

ಆದರೆ ಬಸ್ಸು ಹೊರಟ ಮೇಲೆ ಸುಂದರಬಾಯಿ ನನ್ನ ಪಕ್ಕ ಬಂದು ಕೂತಳು. ನನ್ನ ಭುಜಕ್ಕೆ ತಲೆಯಿಟ್ಟು, ದಿನಾ ಬೆಳಿಗ್ಗೆ ಇಡೀ ಓಣಿಯವರ ಒದ್ದೆ ಅರಿವೆ ಹಿಂಡುತ್ತಿದ್ದೆ ಎಂದಳು. ಹತ್ತೊಂಬತ್ತರಿಂದ ಮೂವತ್ತಕ್ಕೆ ಬಂದದ್ದು ಹಾಗೆಯಂತೆ. "ನಿನ್ನ ಜಾಗಕ್ಕ ನಿಂತೀನಿ, ನಿನ್ನ ಮಾನ ಉಳಸಬೇಕಂತ ಹಗ್ಗ ಬಿಡ್ಲಿಲ್ಲ," ಎಂದಳು. ಕಲ್ಯಾಣ ಬರುವ ತನಕ ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ.

ಮರುದಿನ ಸೋಮವಾರ. ತಂಡದ ಹೆಸರುಗಳ ಯಾದಿ ಮಂಗಳವಾರದ ಟಪಾಲಿಗೆ ಹೋಗಬೇಕಿತ್ತು. ಸರ್ ಯಂತ್ರವನ್ನು ಮೇಜಿನ ಮೇಲಿಟ್ಟು ನಾಲ್ಕು ಹೆಜ್ಜೆ ದೂರ ನಿಂತಿದ್ದರು.

"ಹಿಂಡ್ರಿ," ಎಂದರು. ಮೊಣಕೈ ಸೀದಾ ಎನ್ನಲಿಲ್ಲ.

ಹಿಂಡಿದೆ. ನಲವತ್ತೆರಡು. ಒಂದು ನಿಮಿಷ ಕಾಯುವ ಬದಲು ಹೇಳಿಬಿಟ್ಟೆ. ಬಲ ಎಂದೂ ಇಳಿದಿರಲಿಲ್ಲ ಎಂದೆ. ಬೇಕೆಂದೇ ಇಳಿಸಿದೆ ಎಂದೆ.

"ಯಾಕ?"

"ಬಲ ಇದ್ದವರಿಗೆ ಬರೇ ಗುರುವಾರ ಅದ. ಇಲ್ಲದವರಿಗೆ ಸೋಮವಾರಾನೂ ಅದ."

ಮೈದಾನದಲ್ಲಿ ಯಾರೋ ವಾಲಿಬಾಲ್ ಹೊಡೆಯುತ್ತಿದ್ದರು. ಅದರ ಸದ್ದು ಎಣಿಸುತ್ತ ನಿಂತೆ. ಅವರ ಮುಖದಲ್ಲಿ ಮೊದಲು ಬಂದದ್ದು ಸಿಟ್ಟು. ನಿಜವಾದ ಸಿಟ್ಟು. ರಿಜಿಸ್ಟರನ್ನು ತೆರೆದು ನನ್ನ ಸಾಲನ್ನು ತೋರಿಸಿ, ಈ ಅಂಕಿಗಳನ್ನು ನೋಡಿ ರಾತ್ರಿ ಊಟ ಸೇರಿಲ್ಲ ಎಂದರು, ಯಾವುದೋ ದೊಡ್ಡ ಜಡ್ಡು ಇದ್ದೀತೆಂದು ಗುಲ್ಬರ್ಗದ ಡಾಕ್ಟರಿಗೆ ಪತ್ರ ಬರೆದಿದ್ದೆ ಎಂದರು. ಆ ಹೆಣ್ಣುಮಗಳ ಅಂಗೈ ನೋಡಿದಿರಾ ಎಂದು ಕೇಳಿದರು. ನಾನು ನೋಡಿದ್ದೆ.

ಆಮೇಲೆ ಯಾದಿಯ ಕಾಗದ ತೆಗೆದು, ಸುಂದರಬಾಯಿಯ ಹೆಸರನ್ನು ಹೊಡೆದುಹಾಕಲು ಅದರ ಮೇಲೆ ಪೆನ್ನು ಇಟ್ಟರು. ನಿಯಮ ನಿಯಮವೇ, ನಲವತ್ತೆರಡು ಮೂವತ್ತಕ್ಕಿಂತ ದೊಡ್ಡದು ಎಂದರು.

ನಾನು ಕಾಗದದ ಮೇಲೆ ಅಂಗೈ ಇಟ್ಟೆ. "ಹೊಡೀಬ್ಯಾಡ್ರಿ. ಈ ರಿಜಿಸ್ಟರಿನ್ಯಾಗ ಒಂದು ಸುಳ್ಳಿಲ್ಲದ ಸಾಲು ಅಕಿದು. ನಾ ಚಪ್ಪಲ್ ಕಾಯ್ತೀನಿ."

ಅವರು ಬಹಳ ಹೊತ್ತು ನನ್ನ ಕೈಯನ್ನೇ ನೋಡಿದರು. ಪೆನ್ನು ಸರಿಸಿಕೊಂಡರು. ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ಏನೋ ಬರೆದು, ನನಗೆ ಕಾಣದಂತೆ ಮುಚ್ಚಿ ಹೊರಟುಹೋದರು.

ಬೀದರಿನಲ್ಲಿ ನಮ್ಮವರು ಹುಮನಾಬಾದನ್ನು ಸೋಲಿಸಿ, ಫೈನಲ್ಲಿನಲ್ಲಿ ಸೋತು, ಎರಡನೇ ನಂಬರ್ ತಂದರು. ನಾನು ಹೊರಗಿನಿಂದ ಕೂಗಿ ಕೂಗಿ ಮೂರು ದಿನ ದನಿ ಕಳೆದುಕೊಂಡೆ. ಸರ್ ನನ್ನ ಜೊತೆ ಅಗತ್ಯಕ್ಕೆ ಬೇಕಾದಷ್ಟೇ ಮಾತಾಡಿದರು. ಊರಿಗೆ ಬಂದ ಮೇಲೆ ಸುಂದರಬಾಯಿ ಒಗೆದು ಇಸ್ತ್ರಿ ಮಾಡಿದ ಕರವಸ್ತ್ರವನ್ನು ನನ್ನ ಕೈಗಿಟ್ಟಳು. "ನಿನ್ನ ಸರ್‌ದು. ನೀನೇ ಕೊಡು ಮಾರಾಯ್ತಿ. ಇದನ್ನ ಕಟ್ಟೋವಾಗ ಅವ್ರು ಹತ್ತು ಸರ್ತಿ ನೀ ಕುಂತಿದ್ದ ಮೆಟ್ಟಲ ಕಡಿ ನೋಡಿದ್ರು, ಅದಕ್ಕ ಗಂಟು ಸಡ್ಲಾತು."

ಕೊನೆಯ ಗುರುವಾರ. ಮರುದಿನದ ಬಸ್ಸಿಗೆ ಅವರು ಹೊರಡುವವರು. ಯಂತ್ರ ಆಗಲೇ ಹಸಿರು ಬಟ್ಟೆಯ ಪೆಟ್ಟಿಗೆಯಲ್ಲಿ ಮಲಗಿತ್ತು. ನಾನು ಕರವಸ್ತ್ರ ಕೊಟ್ಟೆ. ಅವರು ಅದನ್ನು ಜೇಬಿಗೆ ಹಾಕದೆ ಕೈಯಲ್ಲೇ ಮಡಚುತ್ತ ನಿಂತರು.

"ನಂದು ಮೂವತ್ತಾರು," ಎಂದರು.

ನನಗೆ ತಿಳಿಯಲಿಲ್ಲ.

"ನನ್ನ ಕೈದು. ಮೊದಲ್ನೇ ದಿನ ನಿಮ್ದು ಮೂವತ್ತೆಂಟು ಬಂತು. ಅದಕ್ಕ ತಲಿ ಎತ್ತಲಿಲ್ಲ. ಹ್ಯಾಂಗ ಎತ್ತಲಿ?"

ಆಮೇಲೆ ರಿಜಿಸ್ಟರ್ ತೆರೆದು ನನ್ನ ಸಾಲಿನ ಕೊನೆಯ ಷರಾ ತೋರಿಸಿದರು. ಗುಲ್ಬರ್ಗದ ಸಾಹೇಬರು ಸಹಿ ಮಾಡಬೇಕಾದ ಆ ಹಾಳೆಯಲ್ಲಿ, ಗುಂಡು ಗುಂಡು ಅಕ್ಷರದಲ್ಲಿ ಹೀಗಿತ್ತು: 'ತಪ್ಪು ಪರೀಕ್ಷಕನದು. ಮುಳ್ಳು ನೋಡಬೇಕಾದಲ್ಲಿ ಮುಖ ನೋಡಿದ.'

"ಇನ್ನೊಂದು ತಪ್ಪು ಅದ. ಅದನ್ನ ಬರದಿಲ್ಲ." ಅವರ ಕಿವಿ ಕೆಂಪಾಗಿತ್ತು. "ನಿಮ್ಮ ಮೊಣಕೈ ಮೊದಲ್ನೇ ದಿನದಿಂದ ಸೀದಾನೇ ಇತ್ತು. ಒಂದು ಸೋಮವಾರಾನೂ ಬಗ್ಗಿರ್ಲಿಲ್ಲ."

ಕನ್ನಡಕ ಜಾರಿತ್ತು. ನಾನು ಬೆರಳು ಚಾಚಿ ಅದನ್ನು ಮೇಲೆ ತಳ್ಳಿದೆ.

ಮುಂದಿನ ಐತವಾರ ಮೊಣಕಾಲು ನೋವಿನ ತಾಯಿಯನ್ನು ನಿಮ್ಮ ಮನೆಗೆ ಕರೆದುಕೊಂಡು ಬರಲೇನು, ಮೆಟ್ಟಿಲು ಹೆಚ್ಚಿಲ್ಲವಲ್ಲ ಎಂದು ಕೇಳಿದರು. ಎರಡೇ ಮೆಟ್ಟಿಲು ಎಂದೆ. ನಮ್ಮವ್ವ ಟಾನಿಕ್ ಕುಡಿದು ಗಟ್ಟಿಯಾಗಿದ್ದಾಳೆ, ಎತ್ತಿಕೊಂಡೇ ಒಳಗೆ ಕರೆದೊಯ್ಯುತ್ತಾಳೆ ಎಂದೂ ಹೇಳಿದೆ.

ಅವರು ನಕ್ಕು ಪೆಟ್ಟಿಗೆ ತೆರೆದರು. ಯಂತ್ರ ಹೊರಗೆ ತೆಗೆದು, ಕೆಂಪು ಮುಳ್ಳನ್ನು ಸೊನ್ನೆಗೆ ತಿರುಗಿಸಿ, ರಿಜಿಸ್ಟರನ್ನು ಮುಚ್ಚಿ ಪಕ್ಕಕ್ಕಿಟ್ಟರು. ಇದೊಂದು ಸಲ ಬರೆಯುವುದಿಲ್ಲ, ಹಿಂಡ್ರಿ ಎಂದರು.

ನಾನು ಹಿಡಿ ತೆಗೆದುಕೊಂಡೆ. ಆಮೇಲೆ ಮೊಣಕೈಯನ್ನು ಚೆನ್ನಾಗಿ, ಮೈದಾನದ ಆ ತುದಿಗೂ ಕಾಣುವ ಹಾಗೆ, ಬಗ್ಗಿಸಿಕೊಂಡು ನಿಂತೆ.